ಅವ್ವನ ಕಾಲಿಗೆ ಸಿಗದ ನೆಲ

1985ರಲ್ಲಿ ನಾನು ಓದು ನಿಲ್ಲಿಸಿದೆ. ಎಂಟನೇ ಕ್ಲಾಸು. ಕಾರಣ ಒಂದು ಏಣಿ. ಲೆಕ್ಕದ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಗೋಡೆ ಬರೆದು, ಅದಕ್ಕೊಂದು ಏಣಿ ಒರಗಿಸಿ, ಬುಡ ಗೋಡೆಯಿಂದ ಇಷ್ಟು ದೂರವಿದ್ದರೆ ತುದಿ ನೆಲದಿಂದ ಎಷ್ಟು ಎತ್ತರ ಎಂದು ಕೇಳಿದರು. ನಾನು ಎದ್ದು ನಿಂತು, “ಸಾರ್, ಬುಡ ಹಿಡ್ಕಂಡಿರೋದು ಯಾರು?” ಎಂದೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ತಮಾಷೆಗೆ ಕೇಳಿದ್ದಲ್ಲ. ನಮ್ಮ ಕಡೆ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವಾಗ ಏಣಿಯ ಬುಡದಲ್ಲಿ ಒಬ್ಬರು ನಿಲ್ಲದೆ ಯಾರೂ ಮರ ಹತ್ತುವುದಿಲ್ಲ. ಹಾಗೆ ಹತ್ತಿದವರು ಸೊಂಟ ಮುರಿದುಕೊಂಡದ್ದನ್ನು ಕಣ್ಣಾರೆ ಕಂಡಿದ್ದೆ. ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಒಂದು ಕಾಲು ಸಡಿಲವಿತ್ತು. ಅದನ್ನೂ ಹೇಳಿದೆ. ಮರುದಿನದಿಂದ ಹೋಗಲಿಲ್ಲ.

ಮೂಡಿಗೆರೆಯ ಒಂದು ವೆಲ್ಡಿಂಗ್ ಅಂಗಡಿ ಸೇರಿದೆ. ಕೈಯೆಲ್ಲ ಸುಟ್ಟುಕೊಂಡು ಕೆಲಸ ಕಲಿತೆ. ಆಮೇಲೆ ಬಣಕಲ್‌ನಲ್ಲಿ ಹೆದ್ದಾರಿಯ ಪಕ್ಕ ನನ್ನದೇ ಅಂಗಡಿ ಇಟ್ಟೆ. ಗೇಟು, ಗ್ರಿಲ್ಲು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರಿನ ಸ್ಟ್ಯಾಂಡು, ಎಲ್ಲವನ್ನೂ ಮಾಡುತ್ತೇನೆ. ಆದರೆ ನನಗೆ ಹೆಸರು ತಂದದ್ದು ಏಣಿ. ನನ್ನ ಏಣಿಯ ಎರಡೂ ಕಾಲಿಗೆ ಕಬ್ಬಿಣದ ಹಲ್ಲು ಇರುತ್ತದೆ. ಮಣ್ಣಿಗೆ ಊರಿದರೆ ಕಚ್ಚಿಕೊಂಡು ನಿಲ್ಲುತ್ತದೆ, ಅಲ್ಲಾಡುವುದಿಲ್ಲ. ನನ್ನ ಏಣಿಯಿಂದ ಜಾರಿ ಬಿದ್ದೆ ಎಂದು ಹೇಳಿಕೊಂಡು ಇಂದಿನವರೆಗೆ ಯಾರೂ ಅಂಗಡಿಗೆ ಬಂದಿಲ್ಲ.

“ಬಿದ್ದವನು ನಡ್ಕಂಡು ಬರಬೇಕಲ್ಲ ಮಾರಾಯ” ಎನ್ನುತ್ತಾನೆ ಪಕ್ಕದ ಗ್ಯಾರೇಜಿನ ಭಾಯಿ. ಅವನ ಗ್ಯಾರೇಜು ಮತ್ತು ನನ್ನ ಅಂಗಡಿಯ ನಡುವೆ ಒಂದು ತಗಡಿನ ಗೋಡೆ ಮಾತ್ರ. ಮೂವತ್ತು ವರ್ಷದಿಂದ ಆ ತಗಡಿನ ಆಚೆಯಿಂದ ಇಂಥ ಮಾತು ಬರುತ್ತಲೇ ಇದೆ.

ಅಂಗಡಿಯ ಹಿಂದೆ ಮನೆ ಕಟ್ಟಿಸಿದಾಗ ನಡುಮನೆಗೆ ಹೊಳೆಯುವ ಟೈಲ್ಸ್ ಹಾಕಿಸಿದೆ. ಚಿಕ್ಕಮಗಳೂರಿನ ಅಂಗಡಿಯಲ್ಲಿ ಒಂದೊಂದನ್ನೂ ನೆಲಕ್ಕೆ ಇಡಿಸಿ, ಮುಖ ಕಾಣುತ್ತದೋ ಇಲ್ಲವೋ ಎಂದು ಬಗ್ಗಿ ನೋಡಿ ಆರಿಸಿದ್ದು. ಒಂದರಲ್ಲಿ ಮುಖ ಕಂಡಿತು, ಮೂಗಿನ ಕೂದಲೂ ಕಂಡಿತು. ಇದೇ ಇರಲಿ ಎಂದೆ. ಗೃಹಪ್ರವೇಶದ ದಿನ ನೆಂಟರು ಬಾಗಿಲಲ್ಲಿ ನಿಂತು, ಒಳಗೆ ನೀರು ನಿಂತಿದೆ ಎಂದುಕೊಂಡು ಪಂಚೆ ಎತ್ತಿ ಹಿಡಿದರು. ಎಂಟನೇ ಕ್ಲಾಸಿನಲ್ಲಿ ನಕ್ಕವರು ಯಾರಾದರೂ ಆ ಗುಂಪಿನಲ್ಲಿ ಇದ್ದಾರೆಯೇ ಎಂದು ನಾನು ಹುಡುಕಿದೆ. ಇದ್ದರು. ಅವರೂ ಪಂಚೆ ಎತ್ತಿ ಹಿಡಿದಿದ್ದರು.

ಆ ನೆಲದ ಮೇಲೆ ಅವ್ವ ನಡೆಯಬೇಕಾಗಿತ್ತು.

ಅವ್ವನಿಗೆ ಎಂಬತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಸೊಂಟ ಬಾಗುವವರೆಗೆ ಎಸ್ಟೇಟಿನ ಕಣದಲ್ಲಿ ದುಡಿದವಳು. ಕಣವೆಂದರೆ ಕಾಫಿ ಒಣಗಿಸುವ ಸಿಮೆಂಟಿನ ಅಂಗಳ. ಹರಡಿದ ಕಾಫಿಯನ್ನು ಆಗಾಗ ತಿರುವಿ ಹಾಕುತ್ತಿರಬೇಕು, ಇಲ್ಲದಿದ್ದರೆ ಅಡಿಯಲ್ಲಿ ಉಳಿದದ್ದು ಬೂಸ್ಟು ಹಿಡಿಯುತ್ತದೆ. ಈಗ ಅದಕ್ಕೆ ಉದ್ದ ಕೋಲಿಗೆ ಹಲಗೆ ಕಟ್ಟಿಕೊಳ್ಳುತ್ತಾರೆ. ಅವ್ವನ ಕಾಲದ ಹೆಂಗಸರು ಕಾಲಿನಲ್ಲೇ ತಿರುವುತ್ತಿದ್ದರು. ಪಾದವನ್ನು ನೆಲಕ್ಕೆ ಒತ್ತಿ, ಎತ್ತದೆ, ಎಳೆಯುತ್ತ ಹೋಗುವುದು. ಹಿಂದೆ ನೋಡಿದರೆ ಉಳುಮೆ ಮಾಡಿದ ಹಾಗೆ ಸಾಲು. ಬೆಳಗಿನಿಂದ ಸಂಜೆಯವರೆಗೆ, ವರ್ಷಗಟ್ಟಲೆ ಹಾಗೆ ನಡೆದು ಅವ್ವನಿಗೆ ಬೇರೆ ನಡಿಗೆಯೇ ಮರೆತುಹೋಗಿದೆ. ಸಂತೆಗೆ ಹೋದರೂ, ಮದುವೆಗೆ ಹೋದರೂ, ದೇವರ ಸುತ್ತ ಪ್ರದಕ್ಷಿಣೆ ಬಂದರೂ ಕಾಲೆತ್ತುವುದಿಲ್ಲ. ಅವಳು ಮನೆಯಲ್ಲಿ ನಡೆದರೆ ಯಾರೋ ಪಕ್ಕದ ಕೋಣೆಯಲ್ಲಿ ಅಕ್ಕಿ ಕೇರುತ್ತಿದ್ದಾರೆ ಅನ್ನಿಸುತ್ತದೆ.

ಅವ್ವನಿಗೆ ದಿನದಲ್ಲಿ ಮುಖ್ಯವಾದ ಕೆಲಸ ಒಂದೇ, ಸಂಜೆಯ ಸ್ನಾನ. ನಡುಮನೆ ದಾಟಿ, ಅಡುಗೆಮನೆಯ ಪಕ್ಕದಲ್ಲಿ ಹಾದು ಹಿಂದಿನ ಬಚ್ಚಲುಮನೆಗೆ ಹೋಗಿ, ತಾನೇ ಹಂಡೆ ಒಲೆಗೆ ಬೆಂಕಿ ಹಾಕಿ, ನೀರು ಕಾಯಿಸಿ, ಚಿಲಕ ಹಾಕಿಕೊಳ್ಳುತ್ತಾಳೆ. ಮೊದಲ ತಂಬಿಗೆ ನೀರು ಬಿದ್ದ ತಕ್ಷಣ ಒಳಗಿನಿಂದ ಬೈಗುಳ ಶುರು. ಅವಳು ಬೈಯುವುದು ಎಸ್ಟೇಟಿನಲ್ಲಿ ಅವಳನ್ನು ಗೋಳು ಹೊಯ್ದುಕೊಂಡ ಮೇಸ್ತ್ರಿಗಳನ್ನು. ಅವರೆಲ್ಲ ಸತ್ತು ಎಷ್ಟೋ ಕಾಲವಾಗಿದೆ. ಆದರೂ ಒಬ್ಬನನ್ನೂ ಬಿಡುವುದಿಲ್ಲ. ಒಬ್ಬನಿಗೊಂದು ತಂಬಿಗೆ ನೀರು, ಒಬ್ಬನಿಗೊಂದು ಬೈಗುಳ. ಕೆಲಸಕ್ಕೆ ತಡವಾಯಿತೆಂದು ವಾಪಸು ಕಳಿಸಿದವನಿಗೆ ಸೋಪು ಹಚ್ಚಿಕೊಳ್ಳುವಾಗ ಉದ್ದದ್ದು. ಹೊರಗೆ ಬರುವಾಗ ಮುಖ ಎಳೆಗೂಸಿನ ಮುಖದಂತೆ ಇರುತ್ತದೆ. ಎಲೆಅಡಿಕೆ ಹಾಕಿಕೊಂಡು ಎಲ್ಲರನ್ನೂ ಪ್ರೀತಿಯಿಂದ ಮಾತಾಡಿಸುತ್ತಾಳೆ.

ಹೀಗೆ ಸ್ನಾನ ಮುಗಿಸಿ ಬರುವಾಗಲೇ ಒಂದು ಸಂಜೆ ನಡುಮನೆಯಲ್ಲಿ ಬಿದ್ದಳು. ಒದ್ದೆ ಕಾಲು, ಕನ್ನಡಿಯಂಥ ಟೈಲ್ಸು. ನಾನು ಓಡಿ ಹೋಗುವಷ್ಟರಲ್ಲಿ ಗೋಡೆಗೆ ಒರಗಿ ಕೂತಿದ್ದಳು.

“ಹೆಂಗೆ ಬಿದ್ದೆ ಅವ್ವ?”

“ನಾನೆಲ್ಲಿ ಬಿದ್ದೆ? ನೆಲ ಕಾಲಿಗೆ ಸಿಗ್ಲಿಲ್ಲ.”

ಡಾಕ್ಟರು ಫೋಟೋ ತೆಗೆಸಿ ನೋಡಿ, ಮೂಳೆ ಮುರಿದಿಲ್ಲ, ಈ ಸಲ ಪುಣ್ಯ ಎಂದರು. ಇನ್ನೊಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ, ಈ ವಯಸ್ಸಿನಲ್ಲಿ ಮತ್ತೆ ಎದ್ದು ಓಡಾಡುತ್ತಾರೆ ಎಂದು ಹೇಳಲಾಗುವುದಿಲ್ಲ ಎಂದೂ ಹೇಳಿದರು. ಅವರು ಅದನ್ನು ನನ್ನ ಕಿವಿಯ ಹತ್ತಿರ ಹೇಳಿದ್ದು. ಅವ್ವನ ಕಿವಿ ನನ್ನದಕ್ಕಿಂತ ಚುರುಕು.

ಅಂದಿನಿಂದ ನಾನು ಒಂದು ಕಾನೂನು ಮಾಡಿದೆ. ಅವ್ವ ಒಬ್ಬಳೇ ಬಚ್ಚಲುಮನೆಗೆ ಹೋಗಕೂಡದು. ನನ್ನ ಹೆಂಡತಿ ಕೈ ಹಿಡಿದು ಕರೆದುಕೊಂಡು ಹೋಗಬೇಕು, ಒಳಗೇ ಇರಬೇಕು, ಕೈ ಹಿಡಿದು ಕರೆತರಬೇಕು.

“ನನ್ನ ಮೈ ನಾನು ತೊಳ್ಕಳಕ್ಕೆ ಆಗದ ದಿನ ನನ್ನ ಗುಂಡಿಗಿಡು. ಅಲ್ಲೀ ತನಕ ಬಚ್ಚಲಿಗೆ ಯಾರೂ ಬರೋದು ಬೇಡ” ಎಂದಳು ಅವ್ವ.

“ಬಿದ್ರೆ ನಿಜವಾಗ್ಲೂ ಗುಂಡಿಗೇ ಇಡಬೇಕಾಗ್ತದೆ.”

“ಇಡು. ನಾನು ಬೇಡ ಅಂದ್ನಾ?”

ಕೊನೆಗೆ ನನ್ನ ಮಾತೇ ನಡೆಯಿತು, ಏಕೆಂದರೆ ಹಂಡೆಯ ಸೌದೆಯನ್ನು ನಾನು ಅಂಗಡಿಯಲ್ಲಿ ಬಚ್ಚಿಟ್ಟೆ. ಅವ್ವ ಹೆಂಡತಿಯ ಜೊತೆ ಹೋದಳು. ಹೋಗಿ, ನೀರು ಹುಯ್ದುಕೊಂಡು, ಬಂದಳು. ಬಚ್ಚಲುಮನೆಯಿಂದ ಒಂದು ಮಾತು ಕೇಳಲಿಲ್ಲ. ಸೊಸೆಯ ಎದುರು ಮೇಸ್ತ್ರಿಗಳನ್ನು ಹೇಗೆ ಬೈಯುವುದು? ಎಂಥೆಂಥ ಮಾತುಗಳು ಅವು. ಬರೇ ನೀರಿನ ಸದ್ದು. ಹೊರಗೆ ಬಂದವಳು ಎಲೆಅಡಿಕೆ ಹಾಕಿಕೊಳ್ಳದೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಮಾರನೆಯ ದಿನವೂ ಹಾಗೆಯೇ. ಬೈಯದೆ ಉಳಿದದ್ದೆಲ್ಲ ಒಳಗೆ ಸೇರಿಕೊಂಡು ಅವ್ವ ದಿನದಿಂದ ದಿನಕ್ಕೆ ಕುಗ್ಗುತ್ತಿದ್ದಾಳೆ ಎಂದು ನನ್ನ ಹೆಂಡತಿಯೇ ಹೇಳಿದಳು. “ರೀ, ಅತ್ತೆ ನೀರು ಹುಯ್ಕೊಳ್ತಾ ತುಟಿ ಮಾತ್ರ ಆಡಿಸ್ತಾರೆ. ನನಗೇ ಒಂಥರಾ ಆಗ್ತದೆ. ನಾನು ಗೋಡೆ ಕಡೆ ತಿರುಗಿ, ಕಿವಿ ಮುಚ್ಕಂಡು ಕೂತ್ಕಂಡೆ. ಆದ್ರೂ ಬೈಯಲಿಲ್ಲ.”

ಆಗ ಮೂಡಿಗೆರೆಯಿಂದ ಒಬ್ಬ ಹುಡುಗಿ ಬರತೊಡಗಿದಳು. ಬಿದ್ದವರಿಗೆ, ಕೈಕಾಲು ಸ್ವಾಧೀನ ತಪ್ಪಿದವರಿಗೆ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿ ಕೆಲಸ ಅವಳದ್ದು. ಅವ್ವನನ್ನು ಕುರ್ಚಿಯಿಂದ ಏಳಿಸಿ ಕೂರಿಸಿ, ನಡೆಸಿ ನೋಡಿದಳು.

“ಅಜ್ಜಿ, ಪಾದ ಎತ್ತಿ ಇಡಿ. ಎಳೀಬೇಡಿ.”

“ಎತ್ತಿದ್ರೆ ಕಾಫಿ ತಿರುಗ್ತದಾ ಮಗಾ?”

“ಇಲ್ಲಿ ಕಾಫಿ ಇಲ್ವಲ್ಲ ಅಜ್ಜಿ.”

“ಕಾಲಿಗೇನು ಗೊತ್ತು?”

ಹುಡುಗಿ ನಕ್ಕಳು. ಆಮೇಲೆ ಬಾಗಿ ಟೈಲ್ಸನ್ನು ಅಂಗೈಯಿಂದ ಸವರಿ ನನ್ನ ಕಡೆ ನೋಡಿದಳು. “ಅಂಕಲ್, ತೊಂದರೆ ಇರೋದು ಇಲ್ಲಿ. ಅಜ್ಜಿ ಓಡಾಡೋ ಕಡೆ ಈ ನೆಲ ಇರಬಾರದು. ಸ್ವಲ್ಪ ತರಿ ತರಿ ಇರಬೇಕು. ಆಮೇಲೆ ಬಚ್ಚಲು ಹತ್ರ ಹಿಡ್ಕೊಳ್ಳೋಕೆ ಏನಾದ್ರೂ ಬೇಕು.”

ಮೊದಲ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ ಎಂದು ಹೇಳಲಾರೆ. ಬಿತ್ತು. ಆದರೆ ಮುಖ ಕಾಣುವ ನೆಲವನ್ನು ಒಡೆಯುವವರು ಯಾರು? ಎರಡನೆಯ ಮಾತು ಮಾತ್ರ ನನ್ನ ಕಸುಬಿನದ್ದು. ಹಿಡಿದುಕೊಳ್ಳಲು ಏನಾದರೂ ತಾನೆ? ಬಣಕಲ್‌ನಲ್ಲಿ ಅದನ್ನು ನನ್ನನ್ನು ಬಿಟ್ಟು ಬೇರೆ ಯಾರು ಮಾಡಬೇಕು?

ಅಂಗಡಿಯಲ್ಲಿ ಬಿದ್ದಿದ್ದ ಪೈಪೆಲ್ಲ ಒಳಗೆ ಬಂತು. ಅವ್ವನ ಕೋಣೆಯಿಂದ ಹಿಡಿದು ಬಚ್ಚಲುಮನೆಯ ತನಕ ಗೋಡೆಯುದ್ದಕ್ಕೂ ಕಂಬಿ ಹಾಕಿದೆ. ತಿರುವಿನಲ್ಲಿ ನೆಲದಿಂದ ತಾರಸಿಗೆ ಮುಟ್ಟುವ ಒಂದು ಕಂಬ ನಿಲ್ಲಿಸಿದೆ. ನಡುಮನೆಯ ಮಧ್ಯದಲ್ಲಿ ಹಿಡಿಯಲು ಗೋಡೆ ಇಲ್ಲದ್ದರಿಂದ ಮೇಲಿನಿಂದ ಎರಡು ಕಬ್ಬಿಣದ ಬಳೆ ಇಳಿಬಿಟ್ಟೆ. ಅಡುಗೆಮನೆಯಲ್ಲಿ ಹಾಕಲು ಹೋದಾಗ ಹೆಂಡತಿ ಸೌಟು ಹಿಡಿದು ನಿಂತಳು, ಅಲ್ಲಿಗೆ ನಿಲ್ಲಿಸಿದೆ. ಎಲ್ಲಕ್ಕೂ ಬೆಳ್ಳಿ ಬಣ್ಣ ಬಳಿದೆ. ಟೈಲ್ಸಿನಲ್ಲಿ ಕಂಬಿಗಳ ಪ್ರತಿಬಿಂಬ ಬಿದ್ದು, ಮೇಲೆಷ್ಟೋ ಕೆಳಗೂ ಅಷ್ಟೇ ಕಂಬಿ ಕಾಣುತ್ತಿತ್ತು.

ಭಾಯಿ ಬಂದು ಬಾಗಿಲಲ್ಲಿ ನಿಂತು ನೋಡಿದ. ಒಂದು ಬಳೆ ಹಿಡಿದು ಜೋತಾಡಿದ. “ಮುಂದೆ ಹೋಗಿ, ಮುಂದೆ ಹೋಗಿ, ಒಳಗೆ ಜಾಗ ಇದೆ” ಎಂದ. “ಟಿಕೆಟ್ ಎಲ್ಲಿಗೆ ಕೊಡ್ಲಿ ಅವ್ವ? ಕೊಟ್ಟಿಗೆಹಾರಕ್ಕಾ?”

“ಬಚ್ಚಲಿಗೊಂದು ಕೊಡಪ್ಪ. ಆದ್ರೆ ಇದ್ರಲ್ಲಿ ನಾನು ಹತ್ತಲ್ಲ” ಎಂದಳು ಅವ್ವ.

ಹತ್ತಲಿಲ್ಲ. ಕಂಬಿ ಹಿಡಿದು ನಡೆದರೆ ಒಬ್ಬಳನ್ನೇ ಬಿಡುತ್ತೇನೆ ಎಂದು ನಾನು ಹೇಳಿದರೂ ಅವ್ವ ಕಂಬಿಯಿಂದ ದೂರ, ನಡುಮನೆಯ ನಟ್ಟನಡುವೆ, ಹೆಂಡತಿಯ ಕೈ ಹಿಡಿದು ಪಾದ ಎಳೆಯುತ್ತ ಹೋದಳು. ಯಾಕೆಂದು ಕೇಳಿದರೆ, “ನಂಗೇನು ವಯಸ್ಸಾಗಿದ್ಯಾ?” ಎಂದಳು. ಮತ್ತೆ ಬಂದ ಹುಡುಗಿ ಕಂಬಿಯ ಪಕ್ಕ ಅವ್ವನನ್ನು ನಿಲ್ಲಿಸಿ ನೋಡಿದಳು. ಬಾಗಿದ ಅವ್ವನಿಗೆ ಕಂಬಿ ಕಿವಿಯ ಮಟ್ಟಕ್ಕೆ ಬರುತ್ತಿತ್ತು.

“ಅಂಕಲ್, ಇದು ಯಾರ ಅಳತೆಗೆ ಮಾಡಿದ್ದು?”

“ನನ್ನ ಅಳತೆಗೆ. ನನ್ನ ಸೊಂಟದ ಮಟ್ಟಕ್ಕೆ ಹಿಡಿದು ಹಾಕಿದ್ದು. ಗೇಟು ಗ್ರಿಲ್ಲು ಎಲ್ಲ ಹಂಗೇ ಹಾಕೋದು.”

“ಹಾಗಾದ್ರೆ ಇದು ನಿಮಗೆ ಉಪಯೋಗ ಆಗ್ತದೆ” ಎಂದಳು. ಹೋಗುವಾಗ ಇನ್ನೊಮ್ಮೆ ಟೈಲ್ಸನ್ನು ತೋರಿಸಿದಳು. ಆ ಹುಡುಗಿಗೆ ಹೇಳಿದ್ದನ್ನೇ ಹೇಳುವ ಅಭ್ಯಾಸ ಎಂದುಕೊಂಡೆ.

ಆಮೇಲೆ ಮಳೆಗಾಲ ಹಿಡಿಯಿತು. ನಮ್ಮಲ್ಲಿ ಜೂನ್‌ನಲ್ಲಿ ಒಗೆದ ಬಟ್ಟೆಯನ್ನು ಒಣಗಿದ್ದು ಎಂದು ಧೈರ್ಯವಾಗಿ ಮಡಿಸಿಡುವುದು ದಸರಾದ ಹೊತ್ತಿಗೆ. ಹೊಸ ಕಂಬಿಯ ಮೇಲೆ ಮೊದಲು ಒಂದು ಟವೆಲ್ ಬಂತು. ಯಾರು ಹಾಕಿದರೆಂದು ಯಾರೂ ಒಪ್ಪಿಕೊಳ್ಳಲಿಲ್ಲ. ಮರುದಿನ ಟವೆಲಿನ ಪಕ್ಕ ಲಂಗ. ವಾರ ಕಳೆಯುವುದರೊಳಗೆ ಅವ್ವನ ಕೋಣೆಯಿಂದ ಬಚ್ಚಲುಮನೆಯವರೆಗೆ ಒಂದು ಚೋಟು ಕಂಬಿ ಖಾಲಿ ಇರಲಿಲ್ಲ. ಬಳೆಗಳಿಗೆ ಕಾಲುಚೀಲ. ಕಂಬಕ್ಕೆ ನನ್ನ ರೈನ್‌ಕೋಟು. ಎಲ್ಲದರಿಂದ ತೊಟ ತೊಟ ಎಂದು ನೀರು ಟೈಲ್ಸಿನ ಮೇಲೆ ಬೀಳುತ್ತಿತ್ತು. ಅವ್ವ ಬೀಳದಿರಲಿ ಎಂದು ಹಾಕಿದ ಕಂಬಿಯಿಂದ ಮನೆಯ ನೆಲ ಇಡೀ ದಿನ ಒದ್ದೆ. ಈಗ ಯಾರಾದರೂ ಪಂಚೆ ಎತ್ತಿ ಹಿಡಿದು ಬಂದರೆ ಅದರಲ್ಲಿ ತಪ್ಪೇನೂ ಇರಲಿಲ್ಲ.

ಕಂಬಿ ಹಾಕಿದ ಮೇಲೆ ಮೊದಲು ಬಿದ್ದವನು ಭಾಯಿ. ಸ್ಪ್ಯಾನರ್ ಕೇಳಲು ಬಂದವನು ಬಾಗಿಲು ದಾಟಿದ ಕೂಡಲೇ ಜಾರಿದ. ಬುದ್ಧಿವಂತ, ಕಂಬಿಗೆ ಕೈ ಹಾಕಿದ. ಕೈಗೆ ಸಿಕ್ಕಿದ್ದು ಕಂಬಿಯಲ್ಲ, ನನ್ನ ಲುಂಗಿ. ಲುಂಗಿಯನ್ನು ಎದೆಗೆ ಅಪ್ಪಿಕೊಂಡು ನಿಧಾನಕ್ಕೆ ನಡುಮನೆಯ ಆ ಕೊನೆಯವರೆಗೆ ಜಾರುತ್ತ ಹೋಗಿ ಕೂತ.

“ಪೆಟ್ಟಾಯ್ತಾ?” ಎಂದೆ.

“ಇಲ್ಲ. ನಿನ್ನ ಲುಂಗಿ ಇನ್ನೂ ಒಣಗಿಲ್ಲ.”

ಅವ್ವ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು. “ಅಲ್ಲ ಮಗಾ, ಊರೋರ ಏಣಿ ಬುಡಕ್ಕೆ ಹಲ್ಲು ಇಡ್ತೀಯ. ಮನೆಯೋರ ಬುಡಕ್ಕೆ ಕನ್ನಡಿ ಇಟ್ಟಿದೀಯ” ಎಂದಳು. ನಾನು ಕೇಳಿಸದವನ ಹಾಗೆ ಬಟ್ಟೆ ಸರಿಸತೊಡಗಿದೆ.

ಕಾಲಿಗೆ ತೊಡರುವಂಥದ್ದೇನೂ ಇರಬಾರದೆಂದು ಹುಡುಗಿ ಹೇಳಿದ್ದರಿಂದ ನೆಲದ ಮೇಲಿನ ಗೋಣಿತಾಟು, ಚಾಪೆ ಎಲ್ಲ ತೆಗೆದೆ. ಯಾರಾದರೂ ಹಾದರೆ ತಾನೇ ಹತ್ತಿಕೊಳ್ಳುವ ದೀಪ ಹಾಕಿಸಿದೆ. ಅದು ಅವ್ವನಿಗೆ ಹತ್ತುತ್ತಿರಲಿಲ್ಲ, ಬೆಕ್ಕಿಗೆ ಹತ್ತುತ್ತಿತ್ತು. ಅವ್ವ ಅಷ್ಟು ನಿಧಾನ. ಕುದುರೆಮುಖದ ಗಣಿ ಊರು ಖಾಲಿಯಾದ ಮೇಲೆ ಗುಜರಿಗೆ ಬಂದಿದ್ದ ಒಂದು ಹಳದಿ ಹೆಲ್ಮೆಟ್ ತಂದೆ. ಅವ್ವ ಅದನ್ನು ತಿರುಗಿಸಿ, ಒಳಗೆ ಹುಲ್ಲು ಹಾಸಿ, ಕೋಳಿ ಕಾವಿಗೆ ಕೂರಿಸಿದಳು. ಮರಿಗಳೆಲ್ಲ ಸುರಕ್ಷಿತವಾಗಿ ಹೊರಬಂದವು. ಟೈಲ್ಸನ್ನು ಮಾತ್ರ ನಾನು ಮುಟ್ಟಲಿಲ್ಲ. ಬಚ್ಚಲುಮನೆಯಲ್ಲಿ ಮೌನ ಹಾಗೆಯೇ ಇತ್ತು.

ಜನವರಿ ಕಳೆದು ನಮ್ಮ ಎರಡು ಎಕರೆಯ ಕಾಫಿ ಕೊಯ್ದಾಗಿತ್ತು. ಅಂಗಡಿಯ ಪಕ್ಕದ ಅಂಗಳದಲ್ಲಿ ಹರಡಿದ್ದ ಹಣ್ಣು ಕಪ್ಪಾಗಿ, ಕೈಯಲ್ಲಿ ಅಲುಗಿಸಿದರೆ ಗಲಗಲ ಎನ್ನುವಷ್ಟು ಒಣಗಿತ್ತು. ಬರಬಾರದ ಹೊತ್ತಿನಲ್ಲಿ, ಒಂದು ಮಧ್ಯಾಹ್ನ, ಮಳೆ ಮೋಡ ಕಟ್ಟಿತು. ಒಣಗಿದ ಕಾಫಿ ನೆನೆದರೆ ವರ್ಷದ ದುಡಿಮೆ ಹೋಯಿತು. ಇಂಥ ಹೊತ್ತಿನಲ್ಲಿ ಈ ಕಡೆ ಯಾರೂ ಯೋಚಿಸುವುದಿಲ್ಲ. ಯಾರ ಮನೆಯೇ ಆಗಲಿ, ಮನೆಯೊಳಗೆ ಸುರಿಯುವುದೇ. ನಾನು, ಹೆಂಡತಿ, ಭಾಯಿ ಮೂವರೂ ಬುಟ್ಟಿಯಲ್ಲಿ ಹೊತ್ತು ಹೊತ್ತು ತಂದು ನಡುಮನೆಯಲ್ಲಿ ಸುರಿದೆವು. ಅವ್ವನ ಕೋಣೆಯ ಹೊಸ್ತಿಲಿನಿಂದ ಬಚ್ಚಲುಮನೆಯ ಬಾಗಿಲಿನವರೆಗೆ ಕಾಫಿ. ಟೈಲ್ಸು ಎಲ್ಲಿಯೂ ಕಾಣುತ್ತಿರಲಿಲ್ಲ. ಮಳೆ ಬಂದೇ ಬಂತು. ನಾವು ಕಂಬಿಗೆ ಒರಗಿ ಉಸಿರು ಬಿಟ್ಟೆವು.

ಒಂದು ಹೆಜ್ಜೆ ಇಟ್ಟಾಗಲೇ ಗೊತ್ತಾಯಿತು. ಕನ್ನಡಿಯ ಮೇಲೆ ಗೋಲಿ ಸುರಿದಂತೆ ಆಗಿತ್ತು. ಕಾಲಿಟ್ಟರೆ ಕಾಫಿ ಉರುಳುತ್ತದೆ, ಕಾಫಿಯ ಜೊತೆ ನಾವೂ ಹೋಗುತ್ತೇವೆ. ಹೆಂಡತಿ ಅಡುಗೆಮನೆಗೆ ತೆವಳುತ್ತ ಹೋದಳು. ಭಾಯಿ ಬಳೆಗೆ ಜೋತುಬಿದ್ದು, “ಈಗ ಗೊತ್ತಾಯ್ತು ಮಾರಾಯ, ಇದನ್ನ ಎಂತಕ್ಕೆ ಹಾಕಿದ್ದು ಅಂತ” ಎಂದ. ನಾನು ಅವ್ವನ ಕೋಣೆಯ ಕಡೆ ತಿರುಗಿ ಕೂಗಿದೆ. “ಅವ್ವ, ಮಂಚ ಬಿಟ್ಟು ಇಳೀಬೇಡ. ನಾಳೆ ತನಕ ಇಳೀಬೇಡ. ಊಟ ಅಲ್ಲಿಗೇ ತರ್ತೀವಿ.”

ಅದೇ ಹೊತ್ತಿಗೆ ಹುಡುಗಿ ಕೊಡೆ ಮಡಚುತ್ತ ಬಾಗಿಲಿಗೆ ಬಂದಳು. ಒಳಗೆ ನೋಡಿದಳು. ಕೊಡೆಯನ್ನು ಮತ್ತೆ ಬಿಚ್ಚಿದಳು. ಯಾಕೆ ಬಿಚ್ಚಿದಳೋ ಗೊತ್ತಿಲ್ಲ.

“ಅಂಕಲ್, ಇದೆಂತ?”

“ಕಾಫಿ.”

“ಅದು ಗೊತ್ತು. ಅಜ್ಜಿ ಎಲ್ಲಿ?”

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ನಮ್ಮನ್ನು ಯಾರನ್ನೂ ನೋಡುತ್ತಿರಲಿಲ್ಲ, ಕಾಫಿಯನ್ನು ನೋಡುತ್ತಿದ್ದಳು. “ಹಿಂಗೆ ಗುಡ್ಡೆ ಹಾಕಿದ್ರೆ ಬಿಸಿ ಹಿಡಿಯಲ್ವಾ? ಎಂತ ಕೆಲಸ ಇದು. ಮೇಸ್ತ್ರಿ ಯಾರು ಇಲ್ಲಿ?” ಎಂದಳು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದಳು. ಪಾದವನ್ನು ಕಾಫಿಯೊಳಗೆ ತೂರಿಸಿದಳು.

ಕಾಲೆತ್ತಲಿಲ್ಲ. ಎಳೆದಳು. ಕಾಫಿ ಎರಡೂ ಕಡೆ ಸರಿದು ದಾರಿ ಬಿಟ್ಟಿತು. ಪಾದ ಕಾಫಿಯ ಮೇಲೆ ಇರಲಿಲ್ಲ, ಅಡಿಯಲ್ಲಿತ್ತು. ಎರಡೂ ಕಡೆಯಿಂದ ಕಾಫಿ ಅವಳ ಕಣಕಾಲನ್ನು ಒತ್ತಿ ಹಿಡಿದುಕೊಂಡಿತ್ತು. ಹಿಂದೆ ನೆಟ್ಟಗೆ ಒಂದು ಸಾಲು. ನಡುಮನೆಯ ಮಧ್ಯಕ್ಕೆ ಬಂದು, ತಿರುಗಿ, ಪಕ್ಕದಲ್ಲಿ ಇನ್ನೊಂದು ಸಾಲು ಎಳೆದಳು. ಬಳೆಗೆ ಜೋತಿದ್ದ ಭಾಯಿಗೆ, “ಕಾಲು ಎತ್ತಪ್ಪ, ಅಡಿಯದು ತಿರುಗಬೇಕು” ಎಂದಳು. ಭಾಯಿ ಎರಡೂ ಕಾಲು ಎತ್ತಿದ.

ನನಗೆ ಡಾಕ್ಟರು ಕಿವಿಯಲ್ಲಿ ಹೇಳಿದ್ದು ಮಾತ್ರ ಕೇಳಿಸುತ್ತಿತ್ತು. ಇನ್ನೊಮ್ಮೆ ಬಿದ್ದರೆ. ಅವಳನ್ನು ಹಿಡಿಯಲೇಬೇಕು. “ಅವ್ವ, ನಿಲ್ಲು” ಎಂದು ಕೂಗಿ ಓಡಿದೆ. ಓಡುವವನು ಕಾಲೆತ್ತಲೇಬೇಕಲ್ಲ. ಎತ್ತಿದ ಕಾಲು ಕಾಫಿಯ ಮೇಲೆ ಬಿತ್ತು, ಕಾಫಿ ಹೊರಟಿತು, ನಾನೂ ಹೊರಟೆ. ಕೈಚಾಚಿ ಕಂಬಿ ಹಿಡಿದೆ. ಸರಿಯಾಗಿ ಸೊಂಟದ ಮಟ್ಟಕ್ಕೆ ಸಿಕ್ಕಿತು. ಗಟ್ಟಿಯಾಗಿ ಹಿಡಿದೆ. ಕಂಬಿ, ಅದರ ನಟ್ಟು ಬೋಲ್ಟು, ಬೋಲ್ಟು ಕಚ್ಚಿಕೊಂಡಿದ್ದ ಸಿಮೆಂಟ್ ಬ್ಲಾಕಿನ ಒಂದು ಮೂಲೆ, ಎಲ್ಲವೂ ನನ್ನ ಜೊತೆ ಬಂದವು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ವೆಲ್ಡಿಂಗ್ ಬಿಟ್ಟಿರಲಿಲ್ಲ. ಗೋಡೆ ಬಿಟ್ಟದ್ದು. ಆಸ್ಪತ್ರೆಗೆ ಹೊರಡುವ ಮೊದಲು ಕಂಬಿಯನ್ನು ತರಿಸಿ ಜಾಯಿಂಟು ನೋಡಿದ್ದೇನೆ. ಒಂದು ಬಿರುಕಿಲ್ಲ. ಬಿರುಕು ಬಿಟ್ಟಿದ್ದು ನನ್ನ ಕಾಲಿನ ಗಂಟು.

ಹುಡುಗಿ ನನ್ನ ಕಾಲಿಗೆ ಕೊಡೆಯ ಕಡ್ಡಿ ಇಟ್ಟು ಬಟ್ಟೆ ಸುತ್ತಿದಳು. ಆ ಹೊತ್ತಿಗೆ ಅವ್ವ ನಡುಮನೆ ಪೂರ್ತಿ ತಿರುವಿ ಮುಗಿಸಿ, ಬಚ್ಚಲುಮನೆಯ ಬಾಗಿಲು ಮುಟ್ಟಿದ್ದಳು. ಅಲ್ಲಿಂದ ತಿರುಗಿ ನೋಡಿ, “ಯಾರು ಬಿದ್ದಿದ್ದು?” ಎಂದಳು.

“ನಿಮ್ಮ ಮಗ” ಎಂದ ಭಾಯಿ, ಇನ್ನೂ ಕಾಲು ಮೇಲೆತ್ತಿಕೊಂಡೇ.

ಮೊಣಕಾಲಿನವರೆಗೆ ಬ್ಯಾಂಡೇಜು ಬಂತು. ಇನ್ನು ನಾನು ಬಚ್ಚಲುಮನೆಗೆ ಹೋಗಬೇಕಾದರೆ ಉಳಿದ ಕಂಬಿ ಹಿಡಿದು ಕುಂಟಿಕೊಂಡು ಹೋಗಬೇಕು. ಹುಡುಗಿ ಹೇಳಿದಂತೆಯೇ ಕಂಬಿ ನನಗೆ ಹೇಳಿ ಮಾಡಿಸಿದ ಹಾಗಿತ್ತು. ಬಟ್ಟೆಗಳನ್ನು ತೆಗೆಸಿದೆ. ಆದರೆ ಅವ್ವ ಒಂದು ಕಾನೂನು ಮಾಡಿದಳು. ಮಗ ಒಬ್ಬನೇ ಬಚ್ಚಲುಮನೆಗೆ ಹೋಗಕೂಡದು. ಅವನ ಕಾಲಿಗೆ ಬುದ್ಧಿ ಇಲ್ಲ.

ನಾನು ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಬ್ಯಾಂಡೇಜಿನ ಕಾಲನ್ನು ಬಕೆಟ್ಟಿನ ಮೇಲೆ ಚಾಚಿ ಸ್ನಾನ ಮಾಡುವಾಗ ಅವ್ವ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಸೋಪು ಎಲ್ಲಿ ಹಚ್ಚಿಲ್ಲ ಎಂದು ಹೇಳುತ್ತಿದ್ದಳು. ಕಿವಿಯ ಹಿಂದೆ ಎನ್ನುತ್ತಿದ್ದಳು. ಐವತ್ತು ದಾಟಿದ ಗಂಡಸು ನಾನು. ನನಗೂ ಬಚ್ಚಲುಮನೆಯಲ್ಲಿ ಕೆಲವು ಮಾತುಗಳಿರುತ್ತವೆ. ಬಾಕಿ ಉಳಿಸಿಕೊಂಡು ತಪ್ಪಿಸಿಕೊಳ್ಳುವ ಗಿರಾಕಿಗಳಿಗೆ, ಆ ಲೆಕ್ಕದ ಮೇಷ್ಟ್ರಿಗೆ. ನೀರು ಹುಯ್ದುಕೊಳ್ಳುತ್ತ ಬಾಯಿಯ ತನಕ ಬಂದದ್ದು ಅವ್ವನ ಮುಖ ನೋಡಿ ಒಳಗೆ ಹೋಗುತ್ತಿತ್ತು. ತುಟಿ ಮಾತ್ರ ಆಡುತ್ತಿತ್ತು. ಒಂದು ದಿನ ಅದನ್ನು ಅವ್ವ ಗಮನಿಸಿದಳು.

“ಹೆಂಗಿರ್ತದೆ?” ಎಂದಳು.

ಸ್ನಾನ ಮುಗಿಸಿ ಬಂದು, ಮಲಗಿ, ಗೋಡೆಯ ಕಡೆ ಮುಖ ಮಾಡಿದೆ. ಹಾಗೆ ಮಲಗಿದ ಮೇಲೆ ಯಾರ ಹಾಗೆ ಮಲಗಿದ್ದೇನೆಂದು ತಿಳಿಯಿತು.

ಮಾರನೆಯ ಬೆಳಿಗ್ಗೆ ಅಂಗಡಿಯಿಂದ ಉಳಿ, ಸುತ್ತಿಗೆ ತರಿಸಿದೆ. ನಿಲ್ಲಲಾಗದ್ದರಿಂದ ನೆಲದ ಮೇಲೆ ಕೂತು, ಕಾಲು ಚಾಚಿ, ಅವ್ವನ ಕೋಣೆಯ ಹೊಸ್ತಿಲಿನಿಂದ ಶುರು ಮಾಡಿದೆ. ಒಂದು ಟೈಲ್ಸು ಒಡೆಯುವುದು, ಕುಂಡೆಯ ಮೇಲೆ ಹಿಂದಕ್ಕೆ ಜರುಗುವುದು, ಇನ್ನೊಂದು ಒಡೆಯುವುದು. ಒಡೆಯುವ ಮೊದಲು ಒಂದೊಂದರಲ್ಲೂ ನನ್ನ ಮುಖ ಕಾಣುತ್ತಿತ್ತು. ಮೂಗಿನ ಕೂದಲು ನೆರೆತಿತ್ತು.

“ಎಂತ ಮಾಡ್ತಿದೀಯ?” ತಗಡಿನ ಆಚೆಯಿಂದ ಭಾಯಿ ಕೇಳಿದ.

“ಕಣ ಮಾಡ್ತಿದೀನಿ.”

ಅವನು ಬಂದು ಸಿಮೆಂಟು ಕಲಸಿದ. ಇಬ್ಬರೂ ಸೇರಿ, ಹೊಳೆಯುವ ನಡುಮನೆಯನ್ನು ಎರಡು ಭಾಗ ಮಾಡಿ, ಅವ್ವನ ಕೋಣೆಯಿಂದ ಬಚ್ಚಲುಮನೆಯ ಒಳಗಿನವರೆಗೆ ಕಣದ ನೆಲದಂತೆ ತರಿ ತರಿಯಾದ ಸಿಮೆಂಟಿನ ದಾರಿ ಹಾಕಿದೆವು. ಹಸಿ ಸಿಮೆಂಟಿನ ಮೇಲೆ ತೆಂಗಿನ ಪೊರಕೆ ಎಳೆದು ಗೀರು ಮಾಡಿದೆ. ಬಚ್ಚಲುಮನೆಯಲ್ಲಿ ಎದ್ದು ಕೂರುವ ಜಾಗದಲ್ಲಿ ಒಂದು ಸಣ್ಣ ಕಂಬಿ. ಈ ಸಲ ಅವ್ವನನ್ನು ನಿಲ್ಲಿಸಿ, ಕೈ ಇಳಿಬಿಡಲು ಹೇಳಿ, ಮಣಿಕಟ್ಟಿನ ಮಟ್ಟಕ್ಕೆ ಸುಣ್ಣದಲ್ಲಿ ಗುರುತು ಹಾಕಿದೆ. ಬೋಲ್ಟನ್ನು ಗೋಡೆಯ ಆಚೆಗೆ ಹಾಯಿಸಿ ತಗಡು ಕೊಟ್ಟು ಬಿಗಿದೆ. ಹುಡುಗಿ ಬಂದು ಕಂಬಿಗೆ ತನ್ನ ಪೂರ್ತಿ ಭಾರ ಹಾಕಿ ಜಗ್ಗಿ ನೋಡಿದಳು. ನೆಲ ಸವರಿದಳು. “ಇದನ್ನೇ ಅಂಕಲ್ ನಾನು ಮೊದಲ ದಿನ ಹೇಳಿದ್ದು” ಎಂದಳು. ಇನ್ನು ಮನೆಯೊಳಗೆ ಕಾಫಿ ಸುರಿದರೆ ತಾನು ಬರುವುದಿಲ್ಲವೆಂದೂ ಹೇಳಿದಳು. ಕೊಡೆಗೆ ನಾನು ಹೊಸ ಕಡ್ಡಿ ಹಾಕಿಕೊಟ್ಟೆ.

ಸಿಮೆಂಟು ಗಟ್ಟಿಯಾದ ಮೇಲಿನ ಮೊದಲ ಸಂಜೆ ಅವ್ವ ಸೌದೆ ಎತ್ತಿಕೊಂಡು ಕೋಣೆಯಿಂದ ಹೊರಟಳು. ಹೆಂಡತಿ ಕೈ ಚಾಚಿದಳು, ನಾನು ಬೇಡ ಎಂದೆ. ಅಕ್ಕಿ ಕೇರುವ ಸದ್ದು ನಡುಮನೆ ದಾಟಿತು.

“ನೆಲ ಸಿಗ್ತಾ ಅವ್ವ?”

“ಸಿಗ್ತು” ಎಂದಳು ತಿರುಗಿ ನೋಡದೆ.

ಚಿಲಕ ಬಿತ್ತು. ಒಲೆ ಹತ್ತಿತು. ನಾವು ಟಿವಿ ಆರಿಸಿದೆವು. ಮೊದಲ ತಂಬಿಗೆ ನೀರು ಬಿದ್ದ ಸದ್ದಾಯಿತು. ಎಷ್ಟೋ ತಿಂಗಳಿಂದ ಬಾಕಿ ಉಳಿದಿದ್ದ ಮೇಸ್ತ್ರಿಗಳೆಲ್ಲ ಒಬ್ಬೊಬ್ಬರಾಗಿ ಬಂದು ಬೈಸಿಕೊಂಡು ಹೋದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸೋಪಿನ ಹೊತ್ತಿಗೆ ಹೊಸ ಹೆಸರೊಂದು ಸೇರಿಕೊಂಡಿತು. ಅದು ನನ್ನದು. ಸೌದೆ ಬಚ್ಚಿಟ್ಟದ್ದಕ್ಕೆ ಒಂದು, ಕನ್ನಡಿಗೆ ಒಂದು, ಹೆಲ್ಮೆಟ್ಟಿಗೆ ಒಂದು. ತಗಡಿನ ಆಚೆ ಭಾಯಿ ಸ್ಪ್ಯಾನರ್ ಕೆಳಗಿಟ್ಟು ಕೇಳುತ್ತಿದ್ದ.

ಈಗ ನನ್ನ ಬಳಿ ಇರುವುದು ಇಷ್ಟು. ಒಂದು ವೆಲ್ಡಿಂಗ್ ಅಂಗಡಿ. ಎರಡು ಎಕರೆ ಕಾಫಿ. ಒಬ್ಬ ಹೆಂಡತಿ. ತಗಡಿನ ಆಚೆ ಒಬ್ಬ ಭಾಯಿ. ಮುಖ ಕಾಣುವ ಎರಡು ತುಂಡು ನಡುಮನೆ, ನಡುವೆ ಮುಖ ಕಾಣದ ಒಂದು ದಾರಿ. ಬಟ್ಟೆ ಒಣಗಿಸಲು ನನ್ನ ಅಳತೆಯ ಐದು ಕಂಬಿ. ಹಿಡಿದುಕೊಳ್ಳಲು ಅವ್ವನ ಅಳತೆಯ ಒಂದು ಕಂಬಿ. ಮಳೆಗೆ ಮೊದಲೇ ನೋಯುವ ಒಂದು ಕಾಲು. ಬಚ್ಚಲುಮನೆಯಲ್ಲಿ, ಚಿಲಕ ಹಾಕಿಕೊಂಡು, ಒಬ್ಬಳು ಅವ್ವ.